ಜೀಪಿಗೊಂದು ವೈರ್‌ಲೆಸ್ ಸೆಟ್: ಯಾವುದನ್ನು ಆರಿಸುವುದು, ಹೇಗೆ ಕೂರಿಸುವುದು

ಕಾಸರಗೋಡಿನ ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಕಡೆಯವರಿಗೆ ಇದು ಗೊತ್ತಿದ್ದದ್ದೇ. ಗುಡ್ಡೆಯ ಮೇಲೆ ಫೋನಿಗೆ ರೇಂಜ್ ಇರುತ್ತದೆ, ತೋಟದ ತಗ್ಗಿಗೆ ಇಳಿದರೆ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋಯಿತೆಂದರೆ ಟವರಿನ ಬ್ಯಾಟರಿಯೂ ಮುಗಿದು, ಗುಡ್ಡೆಯ ಮೇಲಿನ ರೇಂಜೂ ಹೋಗುತ್ತದೆ. ವಾಹನದಲ್ಲಿ ಒಂದು ವೈರ್‌ಲೆಸ್ ಸೆಟ್ ಇದ್ದಿದ್ದರೆ ಎಂದು ಆಗ ಅನಿಸುವುದು ಸಹಜ. ಆದರೆ ಸೆಟ್ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ವಾಟ್?’ ಎಂದು. ಆ ಪ್ರಶ್ನೆ ಕೊನೆಗೆ ಬರಬೇಕು. ನಿಮಗೆ ಯಾವ ಅನುಮತಿ ಸಿಗುತ್ತದೆ, ಆ್ಯಂಟೆನಾ ಎಲ್ಲಿ ನಿಲ್ಲುತ್ತದೆ, ಬ್ಯಾಟರಿಯಿಂದ ತಂತಿ ಹೇಗೆ ಬರುತ್ತದೆ ಎಂಬ ಮೂರನ್ನು ಮೊದಲು ತೀರ್ಮಾನಿಸಿದರೆ ಸೆಟ್ಟಿನ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ.

ಅನುಮತಿಯ ನಾಲ್ಕು ದಾರಿಗಳು

ನಮ್ಮಲ್ಲಿ ವೈರ್‌ಲೆಸ್ ಸೆಟ್ ಬಳಸುವುದಕ್ಕಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೂ ಅನುಮತಿ ಬೇಕು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಹೀಗೆಯೇ ಇದೆ, 2023ರ ದೂರಸಂಪರ್ಕ ಕಾಯ್ದೆಯೂ ಅದನ್ನೇ ಹೇಳುತ್ತದೆ. ಅನುಮತಿ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯಲ್ಲಿ ಫ್ರೀಕ್ವೆನ್ಸಿ ಹಂಚುವ ಡಬ್ಲ್ಯುಪಿಸಿ ವಿಭಾಗ. ಹಾಗಾಗಿ ತಲಪಾಡಿ ದಾಟಿ ಮಂಗಳೂರಿಗೆ ಹೋದರೂ ಜಾಲ್ಸೂರು ದಾಟಿ ಸುಳ್ಯಕ್ಕೆ ಹೋದರೂ ಕಾನೂನು ಒಂದೇ.

ಮೊದಲನೆಯ ದಾರಿ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಿ ರೇಡಿಯೋದವರದ್ದು. 12 ವರ್ಷ ತುಂಬಿದ ಯಾರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಕಲಿಯಬೇಕಾಗಿಲ್ಲ, ಜನರಲ್ ಗ್ರೇಡಿಗೆ ಬೇಕು. 144ರಿಂದ 146 ಮೆಗಾಹರ್ಟ್ಸಿನ ವಿಎಚ್‌ಎಫ್ (ತುಸು ಉದ್ದ ತರಂಗದ) ಪಟ್ಟಿ, ಅಂದರೆ ಬ್ಯಾಂಡ್, 434ರಿಂದ 438 ಮೆಗಾಹರ್ಟ್ಸಿನ ಯುಎಚ್‌ಎಫ್ (ಗಿಡ್ಡ ತರಂಗದ) ಪಟ್ಟಿ ಎರಡೂ ನಿಮಗೆ ತೆರೆಯುತ್ತವೆ. ಎಷ್ಟು ಶಕ್ತಿ ಬಳಸಬಹುದೆಂಬುದನ್ನು ನಿಮ್ಮ ಗ್ರೇಡಿನ ನಿಯಮ ನೋಡಿ ತಿಳಿದುಕೊಳ್ಳಿ, ಸೆಟ್ಟಿನ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಿ ಅಲ್ಲ. ಇದರ ಮಿತಿಯೊಂದಿದೆ. ವ್ಯಾಪಾರದ ಮಾತಿಗೆ ಇದನ್ನು ಬಳಸುವಂತಿಲ್ಲ. ಲೋಡು ಎಲ್ಲಿ ಇಳಿಸಬೇಕು, ಬಾಡಿಗೆಗೆ ಯಾವ ಜೀಪು ಹೋಗಬೇಕು ಎಂಬುದೆಲ್ಲ ಹ್ಯಾಮ್ ಪಟ್ಟಿಯಲ್ಲಿ ಸಲ್ಲದು. ಇನ್ನೊಂದು ಕಡೆ ಮಾತಾಡುವವನ ಬಳಿಯೂ ಲೈಸೆನ್ಸ್ ಇರಬೇಕು.

ಎರಡನೆಯದು ಸ್ವಂತ ಬಳಕೆಯ ವಾಣಿಜ್ಯ ಲೈಸೆನ್ಸ್. ಶಾಲೆಯ ಬಸ್ಸುಗಳು, ಕ್ರಷರ್, ಆಂಬುಲೆನ್ಸ್ ನಡೆಸುವ ಸಂಸ್ಥೆಗಳಿಗೆ ಇದು. ಅರ್ಜಿ ಸರಳ ಸಂಚಾರ್ ಪೋರ್ಟಲಿನಲ್ಲಿ. ಫ್ರೀಕ್ವೆನ್ಸಿ, ಪ್ರದೇಶ, ಸೆಟ್ಟುಗಳ ಸಂಖ್ಯೆ ಎಲ್ಲವನ್ನೂ ನಿಗದಿ ಮಾಡಿ ಕೊಡುತ್ತಾರೆ. ಕಾಸರಗೋಡಿಗೆಂದು ಪಡೆದದ್ದನ್ನು ಪುತ್ತೂರಿನಲ್ಲಿ ಬಳಸುವ ಉದ್ದೇಶವಿದ್ದರೆ ಅರ್ಜಿಯಲ್ಲಿಯೇ ಆ ಪ್ರದೇಶವನ್ನೂ ಸೇರಿಸಿ.

ಮೂರನೆಯದು 446.0ರಿಂದ 446.2 ಮೆಗಾಹರ್ಟ್ಸಿನ ಲೈಸೆನ್ಸ್ ಬೇಡದ ಪಟ್ಟಿ. ಇದು ಕೈಯಲ್ಲಿ ಹಿಡಿಯುವ ಸಣ್ಣ ಶಕ್ತಿಯ ವಾಕಿಟಾಕಿಗಳದ್ದು. ಎರಡು ಕಾರು ಒಟ್ಟಿಗೆ ರಾಣಿಪುರಕ್ಕೆ ಹೋಗುವಾಗ ಹಿಂದೆಮುಂದೆ ಮಾತಾಡಲು ಸಾಕು. ಕಾರಿನೊಳಗಿಂದ ಮಾತಾಡಿದರೆ ತಗಡಿನ ಮೈಯೇ ಅರ್ಧ ಸಿಗ್ನಲನ್ನು ನುಂಗುತ್ತದೆ. ಅದಕ್ಕೆ ಹೊರಗಿನ ದೊಡ್ಡ ಆ್ಯಂಟೆನಾ ಸೇರಿಸಿದರೆ ಅದು ಲೈಸೆನ್ಸ್ ಬೇಡದ ಸೆಟ್ ಆಗಿ ಉಳಿಯುವುದಿಲ್ಲ.

ನಾಲ್ಕನೆಯದು ಸಿಮ್ ಹಾಕುವ ವಾಕಿಟಾಕಿ. ನೋಡಲು ವೈರ್‌ಲೆಸ್ ಸೆಟ್ಟಿನ ಹಾಗೆಯೇ, ಆದರೆ ಮಾತು ಹೋಗುವುದು ಮೊಬೈಲ್ ಟವರಿನ ಮೂಲಕ. ವ್ಯಾಪಾರಕ್ಕೆ ಬಳಸಬಹುದು, ಕೊಚ್ಚಿಗೂ ಮಾತಾಡಬಹುದು. ದಿನನಿತ್ಯದ ಬಾಡಿಗೆ ಜೀಪಿಗೆ, ಡೆಲಿವರಿಗೆ ನಮ್ಮ ಮಟ್ಟಿಗೆ ಇದೇ ಒಳ್ಳೆಯದು. ಟವರ್ ಬಿದ್ದ ದಿನಕ್ಕೆಂದು ಸೆಟ್ ಹುಡುಕುವವರಿಗೆ ಮಾತ್ರ ಇದು ಆಗದು.

ಆನ್‌ಲೈನಿನಲ್ಲಿ 136ರಿಂದ 174 ಮೆಗಾಹರ್ಟ್ಸ್‌ವರೆಗೆ ತೆರೆದಿಟ್ಟ ಸೆಟ್ಟುಗಳನ್ನು ‘ಲೈಸೆನ್ಸ್ ಬೇಡ’ ಎಂದು ಹೇಳಿ ಮಾರುವವರಿದ್ದಾರೆ. ಆ ಹರವಿನಲ್ಲಿ ಸಮುದ್ರದ ದೋಣಿಗಳು ಅಪಾಯದಲ್ಲಿ ಕರೆಯುವ 156.8 ಮೆಗಾಹರ್ಟ್ಸಿನ 16ನೇ ಚಾನೆಲ್ಲೂ ಬರುತ್ತದೆ. ಮಂಜೇಶ್ವರದ ಗುಡ್ಡೆಯ ಮೇಲೆ ನಿಂತು ತಿಳಿಯದೆ ಅದರಲ್ಲಿ ಮಾತಾಡುವ ಗುಂಡಿ ಒತ್ತಿದರೆ ಕಡಲಿನಲ್ಲಿರುವ ದೋಣಿಯ ಕರೆ ಮುಚ್ಚಿಹೋಗಬಹುದು. ಹಾಗಾಗಿ ಸೆಟ್ಟಿಗೆ ಇಟಿಎ ಪ್ರಮಾಣಪತ್ರ (ಆ ಮಾದರಿಗೆ ಡಬ್ಲ್ಯುಪಿಸಿ ಕೊಟ್ಟ ಒಪ್ಪಿಗೆ) ಇದೆಯೇ ಎಂದು ಕೇಳಿಯೇ ಕೊಳ್ಳಿ. ಅನುಮತಿ ಇಲ್ಲದ ಚಾನೆಲ್ಲುಗಳಲ್ಲಿ ಪ್ರಸಾರವಾಗದಂತೆ ಪ್ರೋಗ್ರಾಮ್ ಮಾಡಿಸಿ.

ಮುಂದಿನ ಮಾತೆಲ್ಲ ಮೊದಲ ಎರಡು ದಾರಿಯವರಿಗೆ, ಅಂದರೆ ವಾಹನದಲ್ಲಿ ಕಾಯಂ ಆಗಿ ಸೆಟ್ ಕೂರಿಸುವವರಿಗೆ.

ವಿಎಚ್‌ಎಫ್ ಅಥವಾ ಯುಎಚ್‌ಎಫ್, 5 ವಾಟ್ ಅಥವಾ 50

ಗುಡ್ಡೆ, ತೋಟ, ತಗ್ಗು ಇರುವ ಊರಿಗೆ ವಿಎಚ್‌ಎಫ್. ಉದ್ದ ತರಂಗ ಗುಡ್ಡೆಯ ಅಂಚಿನಲ್ಲಿ ತುಸು ಬಾಗುತ್ತದೆ, ಒದ್ದೆ ಎಲೆಗಳ ನಡುವೆ ಕಡಿಮೆ ಸೋರುತ್ತದೆ. ಆಷಾಢದ ಮಳೆಯಲ್ಲಿ ನೆನೆದ ಅಡಿಕೆ ತೋಟದ ನಡುವೆ ಯುಎಚ್‌ಎಫ್ ಬೇಗ ಸೋಲುತ್ತದೆ. ಪೇಟೆಯ ಕಟ್ಟಡಗಳ ನಡುವೆ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ಯುಎಚ್‌ಎಫ್ ಕಿಟಕಿಬಾಗಿಲುಗಳ ಸಂದಿನಲ್ಲಿ ನುಸುಳಿ, ಗೋಡೆಗೆ ಬಡಿದು ದಾರಿ ಹುಡುಕಿಕೊಳ್ಳುತ್ತದೆ. ಎರಡೂ ಪಟ್ಟಿಯ ಸೆಟ್ ಸಿಕ್ಕಿದರೆ ತೆಗೆದುಕೊಳ್ಳಿ, ಆದರೆ ಒಂದನ್ನೇ ಆರಿಸಬೇಕೆಂದರೆ ನಮ್ಮ ಒಳನಾಡಿಗೆ ವಿಎಚ್‌ಎಫ್.

ಇನ್ನು ವಾಟ್. 5ರಿಂದ 50 ವಾಟಿಗೆ ಹೋದರೆ ಸಿಗ್ನಲ್ 10 ಡೆಸಿಬೆಲ್ (ಸಿಗ್ನಲ್ಲಿನ ಏರಿಳಿತದ ಅಳತೆ) ಏರುತ್ತದೆ. ಸೆಟ್ಟಿನಲ್ಲಿ ಸಿಗ್ನಲ್ ತೋರಿಸುವ ಮೀಟರಿನಲ್ಲಿ ಅದು ಎರಡು ಅಂಕೆಯಷ್ಟೂ ಅಲ್ಲ. ಗುಡ್ಡೆ ಅಡ್ಡ ಇದ್ದಲ್ಲಿ ಆ 10 ಡೆಸಿಬೆಲ್ ಬಹಳ ಸಲ ಸಾಲುವುದಿಲ್ಲ. ಎತ್ತರದ ಲೆಕ್ಕ ನೋಡಿ. ಆ್ಯಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ಕಾಣುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಎರಡು ಮೀಟರ್ ಎತ್ತರದ ಕಾರಿನ ಆ್ಯಂಟೆನಾಕ್ಕೆ 6 ಕಿಲೋಮೀಟರ್ ಸಹ ಆಗುವುದಿಲ್ಲ. ಅದೇ ಕಾರನ್ನು ಸಾವಿರ ಅಡಿ ಮೀರಿದ ಪೊಸಡಿಗುಂಪೆಯ ತುದಿಗೆ ಒಯ್ದರೆ 70 ಕಿಲೋಮೀಟರ್ ದಾಟುತ್ತದೆ. ತಗ್ಗಿನಲ್ಲಿ 50 ವಾಟಿಗೆ ಆಗದ ಕೆಲಸ ಗುಡ್ಡೆಯ ನೆತ್ತಿಯಲ್ಲಿ 5 ವಾಟಿಗೆ ಆಗುತ್ತದೆ. 20ರಿಂದ 25 ವಾಟಿನ ಸೆಟ್ ಬಹುತೇಕರಿಗೆ ಸಾಕು. ಅದು ಬಿಸಿಯಾಗುವುದೂ ಕಡಿಮೆ, ಬ್ಯಾಟರಿಯ ಮೇಲಿನ ಹೊರೆಯೂ ಕಡಿಮೆ. ಉಳಿದ ಹಣ ಆ್ಯಂಟೆನಾಕ್ಕೆ ಹೋಗಲಿ.

ಆ್ಯಂಟೆನಾ: ತೂತು, ಮ್ಯಾಗ್ನೆಟ್, ಕ್ಯಾರಿಯರ್

ಕಾರಿನ ಆ್ಯಂಟೆನಾಕ್ಕೆ ಕೆಳಗಿರುವ ತಗಡೇ ಅದರ ಅರ್ಧ ಭಾಗ. ಆದ್ದರಿಂದ ರೂಫಿನ ನಡುಮಧ್ಯಕ್ಕೆ ಸಮನಾದ ಜಾಗ ಇನ್ನೊಂದಿಲ್ಲ: ಸುತ್ತ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ, ಎತ್ತರವೂ ಸಿಗುತ್ತದೆ, ಒಳಗೆ ಕೂತವರಿಗೂ ಆ್ಯಂಟೆನಾಕ್ಕೂ ನಡುವೆ ತಗಡು ಮರೆಯಾಗಿರುತ್ತದೆ.

ಅಲ್ಲಿ 19 ಮಿಲಿಮೀಟರ್ ತೂತು ಕೊರೆದು ಕೂರಿಸುವುದು ಎಲ್ಲಕ್ಕಿಂತ ಗಟ್ಟಿ. ಒಳಗಿನ ಮೇಲ್ಛಾವಣಿಯ ಬಟ್ಟೆ ಇಳಿಸಿ, ಅಡ್ಡಪಟ್ಟಿ ಮತ್ತು ವೈರಿಂಗ್ ಎಲ್ಲಿದೆ ನೋಡಿಕೊಂಡೇ ಕೊರೆಯಬೇಕು. ತೂತಿನ ಒಳಬದಿಯಲ್ಲಿ ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ, ಇಲ್ಲವಾದರೆ ಅರ್ತ್ ಸಿಗದು. ಹೊರಬದಿಯ ಅಂಚಿಗೆ ಮಾತ್ರ ಪ್ರೈಮರ್ ಹಚ್ಚಿ, ರಬ್ಬರ್ ವಾಷರ್ ಸರಿಯಾಗಿ ಕೂರಿಸಿ. ಹೊಸ ಕಾರಿಗೆ ತೂತು ಕೊರೆಯಲು ಕೈ ಬಾರದಿರುವುದು ನಿಜ. ಆದರೆ ಹತ್ತು ವರ್ಷ ಇಟ್ಟುಕೊಳ್ಳುವ ಬೊಲೆರೊಗೆ ಇದೇ ಸರಿ.

ಮ್ಯಾಗ್ನೆಟ್ ಮೌಂಟ್ ಐದು ನಿಮಿಷದ ಕೆಲಸ. ಕಬ್ಬಿಣದ ರೂಫಿಗೆ ಕಚ್ಚುತ್ತದೆ, ಬೇಡದಾಗ ತೆಗೆದಿಡಬಹುದು. ಸಿಗ್ನಲ್ಲಿನಲ್ಲೂ ತೂತಿನ ಮೌಂಟಿಗಿಂತ ಹೇಳುವಂತಹ ಹಿನ್ನಡೆ ಇಲ್ಲ. ತೊಂದರೆ ಇರುವುದು ನಮ್ಮ ಹವೆಯಲ್ಲಿ. ಮ್ಯಾಗ್ನೆಟ್ಟಿನ ಅಡಿಗೆ ಮುರಕಲ್ಲಿನ ಕೆಂಪು ಧೂಳು ಸೇರುತ್ತದೆ, ಅದರಲ್ಲಿರುವ ಕಬ್ಬಿಣದ ಕಣಗಳನ್ನು ಮ್ಯಾಗ್ನೆಟ್ಟೇ ಎಳೆದುಕೊಳ್ಳುತ್ತದೆ. ಗಾಡಿ ಅಲುಗಿದಂತೆಲ್ಲ ಆ ಪುಡಿ ಮರಳುಕಾಗದದ ಹಾಗೆ ಬಣ್ಣವನ್ನು ಉಜ್ಜುತ್ತದೆ. ಮೇಲಿಂದ ಉಪ್ಪುಗಾಳಿ, ಮಳೆ. ಒಂದು ಮಳೆಗಾಲ ಕಳೆದು ಎತ್ತಿ ನೋಡಿದರೆ ಬಟ್ಟಲಿನ ಅಚ್ಚಿನಂತೆ ದುಂಡಗಿನ ತುಕ್ಕು. ವಾರಕ್ಕೊಮ್ಮೆ ಎತ್ತಿ, ಎರಡೂ ಕಡೆ ಒದ್ದೆ ಬಟ್ಟೆಯಲ್ಲಿ ಒರಸಿ, ಒಣಗಿಸಿ ಇಡುವವರಿಗೆ ಮಾತ್ರ ಮ್ಯಾಗ್ನೆಟ್. ಎಳೆದು ಸರಿಸಬೇಡಿ, ಒಂದು ಬದಿಯಿಂದ ಮಗುಚಿ ಎತ್ತಿ. ಕೇಬಲನ್ನು ಬಾಗಿಲಿನ ರಬ್ಬರಿನಲ್ಲಿ ತರುವಾಗ ಲೋಹದ ತುಟಿಯ ಮೇಲೆ ಜಜ್ಜಿಹೋಗದಂತೆ ನೋಡಿ. ಒಳಗೆ ಬರುವ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಜೋತು ಮೇಲೇರಲಿ, ಮಳೆನೀರು ಆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ಕೇಬಲಿನ ಗುಂಟ ಹರಿದು ಸೀಟಿಗೇ ಬರುತ್ತದೆ.

ಕ್ಯಾರಿಯರಿಗೆ ಕಟ್ಟುವುದು ಜೀಪಿನವರಿಗೆ ಇಷ್ಟ. ಬಹಳ ಸಲ ಕೆಲಸ ಕೆಡುವುದೂ ಅಲ್ಲಿಯೇ. ಕ್ಯಾರಿಯರಿಗೆ ಬಣ್ಣ ಹೊಡೆದಿರುತ್ತದೆ, ಕಾಲಿನಡಿಗೆ ರಬ್ಬರ್ ಇರುತ್ತದೆ. ಅಂದರೆ ಅದಕ್ಕೂ ವಾಹನದ ಮೈಗೂ ವಿದ್ಯುತ್ ಸಂಬಂಧವೇ ಇಲ್ಲ. ಎಸ್‌ಡಬ್ಲ್ಯುಆರ್ (ಆ್ಯಂಟೆನಾದಿಂದ ಶಕ್ತಿ ಎಷ್ಟು ಮರಳಿ ಬರುತ್ತದೆಂಬುದರ ಅಳತೆ) ಮೂರರ ಮೇಲೆ ಹೋಗಿ, ಆ್ಯಂಟೆನಾ ಹಾಳೆಂದು ಅಂಗಡಿಗೆ ಮರಳಿಸುವವರಿದ್ದಾರೆ. ಆ್ಯಂಟೆನಾದ ತಪ್ಪೇನಿಲ್ಲ. ಬೆರಳಗಲದ ತಾಮ್ರದ ಹೆಣಿಗೆ ಪಟ್ಟಿಯಿಂದ ಕ್ಯಾರಿಯರನ್ನು ಮೈಯ ಬರಿ ಲೋಹಕ್ಕೆ ಆದಷ್ಟು ಗಿಡ್ಡವಾಗಿ ಸೇರಿಸಿ.

ರೆಕ್ಸಿನ್ ಮಾಡಿನ ಆಟೋ, ಫೈಬರ್ ರೂಫಿನ ಜೀಪು ಇವುಗಳಿಗೆ ಕೆಳಗೆ ತಗಡೇ ಇಲ್ಲ. ಅವುಗಳಿಗೆ ತಗಡು ಬೇಡದ ಅರ್ಧ ತರಂಗದ (ರೇಡಿಯೋ ತರಂಗದ ಅರ್ಧದಷ್ಟು ಉದ್ದದ) ಆ್ಯಂಟೆನಾ ಕೇಳಿ ತನ್ನಿ.

ಉದ್ದದ ವಿಚಾರ. 145 ಮೆಗಾಹರ್ಟ್ಸಿಗೆ ಕಾಲು ತರಂಗದ ಕಡ್ಡಿ ಸುಮಾರು 49 ಸೆಂಟಿಮೀಟರ್. ಐದೆಂಟಾಂಶ (5/8) ತರಂಗದ್ದು ಸುಮಾರು ಒಂದೂಕಾಲು ಮೀಟರ್. ಉದ್ದದ್ದು ಶಕ್ತಿಯನ್ನು ದಿಗಂತದ ಕಡೆಗೆ ಒತ್ತುತ್ತದೆ, ಹೆದ್ದಾರಿ 66ರ ಹಾಗೆ ಕಡಲಬದಿಯ ಸಮತಟ್ಟಿನಲ್ಲಿ ಅದು ಗೆಲ್ಲುತ್ತದೆ. ರಿಪೀಟರ್ (ಕೇಳಿದ ಸಿಗ್ನಲನ್ನು ಮತ್ತೆ ಪ್ರಸಾರ ಮಾಡುವ ಕೇಂದ್ರ) ಗುಡ್ಡೆಯ ಮೇಲೆ, ನೀವು ಪಾಣತ್ತೂರಿನ ಘಾಟಿಯಲ್ಲಿ ತಗ್ಗಿನಲ್ಲಿ ಎಂದಾದರೆ ಸಿಗ್ನಲ್ ಮೇಲ್ಮುಖವಾಗಿ ಹೋಗಬೇಕು. ಅಲ್ಲಿ ಗಿಡ್ಡ ಕಾಲು ತರಂಗವೇ ಒಳ್ಳೆಯದು. ತೋಟದ ದಾರಿಯ ಕೊಂಬೆಗಳಿಗೂ ಅದು ಸಿಕ್ಕಿಕೊಳ್ಳುವುದಿಲ್ಲ. ಉದ್ದ ಕಡ್ಡಿ ಇದ್ದರೆ ಒಂದು ಎಚ್ಚರ. ಕಾಯಿ ಕೊಯ್ಯುವ ಅಲ್ಯೂಮಿನಿಯಂ ದೋಟಿ ಕರೆಂಟ್ ಲೈನಿಗೆ ತಾಗಿ ಜೀವ ಹೋದ ಊರುಗಳಿವು. ರೂಫಿನ ಮೇಲಿನ ಕಡ್ಡಿಗೂ ಅದೇ ನ್ಯಾಯ. ತೋಟದ ಮೇಲೆ ಜೋತುಬಿದ್ದ ಲೈನಿನ ಅಡಿಯಲ್ಲಿ ಹೋಗುವ ಮೊದಲು ಇಳಿದು ಕಡ್ಡಿ ಬಿಚ್ಚಿಡಿ.

ಕೇಬಲ್ ಉದ್ದ ಇದ್ದಷ್ಟೂ ನಷ್ಟ. ತೆಳ್ಳಗಿನ ಆರ್‌ಜಿ-58 ಕೇಬಲ್ ಐದು ಮೀಟರಿಗೆ ವಿಎಚ್‌ಎಫ್‌ನಲ್ಲಿ ಸುಮಾರು ಒಂದು ಡೆಸಿಬೆಲ್ ತಿನ್ನುತ್ತದೆ, 50 ವಾಟ್ ಹೊರಟರೆ ತಲುಪುವುದು 40. ಯುಎಚ್‌ಎಫ್‌ನಲ್ಲಿ ಅದೇ ಕೇಬಲ್ ಮೂರರಲ್ಲಿ ಒಂದು ಪಾಲನ್ನು ತಿನ್ನುತ್ತದೆ. ಹೆಚ್ಚಾದುದನ್ನು ಸೀಟಿನಡಿ ಸುರುಳಿ ಸುತ್ತಿಡಬೇಡಿ, ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ಕರೆಂಟ್: ಲೈಟರ್ ಸಾಕೆಟ್, ಬ್ಯಾಟರಿ, ಎರಡರ ನಡುವಿನದು

50 ವಾಟಿನ ವಿಎಚ್‌ಎಫ್ ಸೆಟ್ ಮಾತಾಡುವಾಗ 10ರಿಂದ 12 ಆಂಪಿಯರ್ ಎಳೆಯುತ್ತದೆ, 25 ವಾಟಿನದು 5ರಿಂದ 7. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು, ಅದರ ಸ್ಪ್ರಿಂಗಿನ ಹಿಡಿತ ಸಡಿಲ. ಸಡಿಲವಾದ ಕಡೆ ಬಿಸಿ, ಬಿಸಿಯಾದ ಕಡೆ ಪ್ಲಾಸ್ಟಿಕ್ ಕರಗುವುದು. ಕೈಸೆಟ್ಟನ್ನು ಚಾರ್ಜಿಗೆ ಹಾಕಲು, ಹೆಚ್ಚೆಂದರೆ 10 ವಾಟಿನ ಸೆಟ್ಟಿಗೆ ಸಾಕೆಟ್ ಸಾಕು. ಅದಕ್ಕಿಂತ ಮೇಲಿನದಕ್ಕೆ ನೇರ ಬ್ಯಾಟರಿಯಿಂದ ಬೇರೆ ತಂತಿ ಎಳೆಯಲೇಬೇಕು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ತಂತಿಯ ದಪ್ಪಕ್ಕೂ ಲೆಕ್ಕ ಇದೆ. ಬ್ಯಾಟರಿಯಿಂದ ಸೆಟ್ಟಿಗೆ ನಾಲ್ಕು ಮೀಟರ್ ಎಂದರೆ ಹೋಗಿಬರಲು ಎಂಟು. 10 ಆಂಪಿಯರಿಗೆ 1.5 ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 2.5ರಲ್ಲಿ 0.6, 4ರಲ್ಲಿ 0.4ರ ಒಳಗೆ. ಎಂಜಿನ್ ನಿಲ್ಲಿಸಿದಾಗ ಬ್ಯಾಟರಿ 12.4ರ ಸುತ್ತ ಇರುತ್ತದೆ; ಅದರಲ್ಲಿ ಒಂದು ವೋಲ್ಟ್ ಕಳೆದರೆ ಗುಂಡಿ ಒತ್ತಿದ ಕೂಡಲೇ ಸೆಟ್ ಆಫ್ ಆಗುವುದೂ ಉಂಟು. 4 ಚದರ ಮಿಲಿಮೀಟರಿನ ತಂತಿ ಹಾಕಿ. ತವರ ಲೇಪಿಸಿದ ತಾಮ್ರ ಸಿಕ್ಕಿದರೆ ಇನ್ನೂ ಒಳ್ಳೆಯದು, ಬರಿ ತಾಮ್ರಕ್ಕೆ ಕಡಲಗಾಳಿಯಲ್ಲಿ ಬೇಗ ಹಸಿರು ಕಿಲುಬು ಹಿಡಿಯುತ್ತದೆ.

ಪ್ಲಸ್ ತಂತಿಯಲ್ಲಿ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. 50 ವಾಟಿನ ಸೆಟ್ಟಿಗೆ 15 ಆಂಪಿಯರ್. ಸೆಟ್ಟಿನ ಹತ್ತಿರದ ಫ್ಯೂಸ್ ಸೆಟ್ಟನ್ನು ಕಾಯುತ್ತದೆ, ತಂತಿಯನ್ನಲ್ಲ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನವರೆಗಿನ ತಂತಿ ಎಲ್ಲಾದರೂ ಮೈಗೆ ಉಜ್ಜಿ ಶಾರ್ಟ್ ಆದರೆ, ಬುಡದಲ್ಲಿ ಫ್ಯೂಸ್ ಇಲ್ಲದಿದ್ದರೆ ಬೋನೆಟ್ಟಿನೊಳಗೆ ಬೆಂಕಿ. ಎಂಜಿನ್ ಕೋಣೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಹರಿತ ತಗಡಿನ ಅಂಚು ಬೆರಳಿಗೆ ಸಿಕ್ಕಿದರೆ, ನಾಳೆ ತಂತಿಗೂ ಸಿಗುತ್ತದೆ.

ಮೈನಸ್ ತಂತಿಯನ್ನು ಹಳೆ ಗಾಡಿಗಳಲ್ಲಿ ನೇರ ಬ್ಯಾಟರಿಯ ಮೈನಸ್ಸಿಗೇ ಕೊಡುತ್ತಿದ್ದರು. ಈಗಿನ ಹಲವು ಕಾರುಗಳಲ್ಲಿ ಮೈನಸ್ ಕಂಬದ ಮೇಲೆಯೇ ಬ್ಯಾಟರಿ ಸೆನ್ಸರ್ ಇರುತ್ತದೆ. ಅದನ್ನು ಬಿಟ್ಟು ಕಂಬಕ್ಕೇ ಕಟ್ಟಿದರೆ ಸೆಟ್ ಎಳೆದ ಕರೆಂಟ್ ಕಾರಿನ ಲೆಕ್ಕಕ್ಕೆ ಸಿಗುವುದಿಲ್ಲ, ಚಾರ್ಜಿಂಗ್ ತಪ್ಪುತ್ತದೆ. ಅಂತಹ ಕಾರಿನಲ್ಲಿ ಬ್ಯಾಟರಿಯ ಮೈನಸ್ ಕೇಬಲ್ ಮೈಗೆ ಸೇರುವ ಬೋಲ್ಟಿಗೇ ಸೆಟ್ಟಿನ ಮೈನಸ್ಸನ್ನೂ ಕೊಡಿ.

ನೇರ ಬ್ಯಾಟರಿಯ ಒಂದೇ ದೋಷ, ಸೆಟ್ ಆಫ್ ಮಾಡಲು ಮರೆಯುವುದು. ಬರೇ ಕೇಳುತ್ತಿದ್ದರೂ ಅರ್ಧ ಆಂಪಿಯರ್ ಹೋಗುತ್ತದೆ. 35 ಆಂಪಿಯರ್-ಅವರ್‌ನ ಸಣ್ಣ ಕಾರಿನ ಬ್ಯಾಟರಿ ಎರಡನೆಯ ದಿನವೇ ಸ್ಟಾರ್ಟಿಗೆ ತಕರಾರು ಮಾಡಬಹುದು. ಕೀಲಿಕೈ ತಿರುಗಿಸಿದಾಗ ಮಾತ್ರ ಕೂಡುವ 30 ಆಂಪಿಯರ್ ರಿಲೇ ಹಾಕಿದರೆ ಆ ಚಿಂತೆ ಇಲ್ಲ. ತುರ್ತಿಗೆ ಕೀಲಿಕೈ ಇಲ್ಲದೆಯೂ ಮಾತಾಡಬೇಕೆಂದಿದ್ದರೆ ರಿಲೇಗೆ ಅಡ್ಡವಾಗಿ ಅಷ್ಟೇ ಕರೆಂಟ್ ತಾಳುವ ಸ್ವಿಚ್ ಕೊಡಿಸಿ.

ಲಾರಿ, ದೊಡ್ಡ ಬಸ್ಸುಗಳದ್ದು 24 ವೋಲ್ಟ್. ಎರಡು ಬ್ಯಾಟರಿಗಳ ನಡುವಿಂದ 12 ವೋಲ್ಟ್ ಕದಿಯುವ ಕೆಟ್ಟ ಪದ್ಧತಿ ಇದೆ. ಒಂದು ಬ್ಯಾಟರಿ ಯಾವಾಗಲೂ ಹಸಿದು, ಇನ್ನೊಂದು ಯಾವಾಗಲೂ ಉಕ್ಕಿ, ಎರಡೂ ಬೇಗ ಸಾಯುತ್ತವೆ. 24ರಿಂದ 13.8 ವೋಲ್ಟಿಗೆ ಇಳಿಸುವ ಕನ್ವರ್ಟರ್ ತೆಗೆದುಕೊಳ್ಳಿ, ಸೆಟ್ ಎಳೆಯುವುದಕ್ಕಿಂತ ಒಂದೂವರೆ ಪಟ್ಟು ತಾಳುವಂಥದ್ದು.

ಸೆಟ್ ಕೂರಿಸುವ ಜಾಗ, ಮಾತಾಡುವ ಕ್ರಮ

ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲಿ ಸೆಟ್ಟಾಗಲಿ ಮೈಕಿನ ಕೊಂಡಿಯಾಗಲಿ ಬೇಡ. ಗಾಜಿನ ಪಕ್ಕದ ಕಂಬದಲ್ಲಿ ತಂತಿ ಎಳೆಯುವವರು ಅಲ್ಲೂ ಏರ್‌ಬ್ಯಾಗ್ ಇದೆಯೇ ಎಂದು ನೋಡಲಿ. ಡಬಲ್ ಟೇಪು ನೆಚ್ಚಬೇಡಿ, ಒಂದು ಕಿಲೋ ತೂಗುವ ಸೆಟ್ ಅಪಘಾತದಲ್ಲಿ ಕಲ್ಲಿನ ಹಾಗೆ ಹಾರುತ್ತದೆ. ಬ್ರ್ಯಾಕೆಟ್ ಹಾಕಿ ಸ್ಕ್ರೂ ಬಿಗಿಯಿರಿ. ಹಿಂಬದಿಯ ಫಿನ್ನುಗಳಿಗೆ ಗಾಳಿ ಆಡಲಿ.

ಓಡಿಸುತ್ತಾ ಮೈಕ್ ಹಿಡಿಯುವುದು ಬೇಡ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದೆ. ಪಕ್ಕದವರು ಮಾತಾಡಲಿ, ಒಬ್ಬರೇ ಇದ್ದರೆ ಬದಿಗೆ ನಿಲ್ಲಿಸಿ. ಚಾನೆಲ್ ಬದಲಿಸುವುದಂತೂ ನಿಂತಾಗ ಮಾತ್ರ.

50 ವಾಟಿನಲ್ಲಿ ಮಾತಾಡುವಾಗ ಹೊರಗೆ ನಿಂತವರು ಆ್ಯಂಟೆನಾದಿಂದ ಎರಡು ಮೀಟರ್ ದೂರ ಇರಲಿ. ಮಕ್ಕಳು ಮುಟ್ಟಲು ಬಂದರೆ ಗುಂಡಿ ಬಿಡಿ. ಕಡ್ಡಿಯ ತುದಿಯಲ್ಲಿ ಚರ್ಮ ಸುಡುವಷ್ಟು ವೋಲ್ಟೇಜ್ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸೆಟ್ ಆಫ್. ಕಗ್ಗಲ್ಲಿನ ಕ್ವಾರಿಗಳ ಬಳಿ ಇನ್ನೂ ಜಾಗ್ರತೆ ಬೇಕು. ಅಲ್ಲಿ ಸಿಡಿಮದ್ದಿಗೆ ವಿದ್ಯುತ್ ಕೇಪು ಬಳಸುವುದುಂಟು, ಅದರ ತಂತಿಯೇ ಆ್ಯಂಟೆನಾದಂತೆ ನಿಮ್ಮ ಸಿಗ್ನಲನ್ನು ಹಿಡಿಯಬಲ್ಲದು. ‘ಬ್ಲಾಸ್ಟಿಂಗ್’ ಫಲಕ ಕಂಡಲ್ಲಿ ಸೆಟ್ಟನ್ನು ಪೂರ್ತಿ ಆಫ್ ಮಾಡಿ ದಾಟಿ. ಸಿಡಿಲು ಹತ್ತಿರವಿದ್ದರೆ ಮೈಕ್ ಕೆಳಗಿಟ್ಟು, ಗಾಜು ಏರಿಸಿ, ಒಳಗೇ ಕೂತಿರಿ.

ಪರೀಕ್ಷೆ ಮತ್ತು ಕೆಡುಕುಗಳು

ಬಯಲಿನಲ್ಲಿ, ಬಾಗಿಲು ಮುಚ್ಚಿ, ಕಡಿಮೆ ಶಕ್ತಿಯಲ್ಲಿ ಎಸ್‌ಡಬ್ಲ್ಯುಆರ್ ನೋಡಿ. ಹ್ಯಾಮ್‌ಗಳಿಗೆ 144.1, 145, 145.9 ಮೂರು ಕಡೆ ಸಾಕು. ಒಂದೂವರೆಯ ಒಳಗಿದ್ದರೆ ಮರಳುವ ಶಕ್ತಿ ಶೇಕಡಾ 4 ಮಾತ್ರ, ಬಿಟ್ಟುಬಿಡಿ. ಎರಡಾದರೆ ಶೇಕಡಾ 11, ಮೂರಾದರೆ ಕಾಲು ಪಾಲು. ಕೆಳ ತುದಿಯಲ್ಲಿ ಚೆನ್ನಾಗಿದ್ದು ಮೇಲೆ ಕೆಟ್ಟರೆ ಕಡ್ಡಿ ಉದ್ದವಾಗಿದೆ ಎಂದರ್ಥ. ಒಂದು ಮೆಗಾಹರ್ಟ್ಸ್ ಸರಿಯಲು ಸುಮಾರು 3.4 ಮಿಲಿಮೀಟರ್, ಹಾಗಾಗಿ ಎರಡೆರಡು ಮಿಲಿಮೀಟರ್ ಮಾತ್ರ ಕತ್ತರಿಸಿ. ಕತ್ತರಿಸಿದ್ದು ಮತ್ತೆ ಬರದು. ಎಲ್ಲ ಕಡೆಯೂ ಮೂರರ ಮೇಲಿದ್ದರೆ ಕಡ್ಡಿಗೆ ಕೈ ಹಚ್ಚಬೇಡಿ. ಅರ್ತ್ ಇಲ್ಲ, ಅಥವಾ ಕನೆಕ್ಟರಿನೊಳಗೆ ಜಾಲರಿಯ ಒಂದು ಎಳೆ ನಡುತಂತಿಗೆ ತಾಗಿದೆ.

ಎಕ್ಸಲರೇಟರ್ ಒತ್ತಿದಂತೆ ಏರುವ ಕೀರಲು ದನಿ ನಿಮ್ಮ ಮಾತಿನಲ್ಲಿ ಕೇಳಿಸುತ್ತದೆ ಎಂದರೆ ಅದು ಆಲ್ಟರ್ನೇಟರಿನದು, ತಂತಿಯ ಅರ್ತ್ ತುದಿಯಲ್ಲಿ ತುಕ್ಕಿದೆ. ಕೇಳುವಾಗ ಮಾತ್ರ ಕರಕರ ಎಂದರೆ ಫೋನಿನ ಚಾರ್ಜರ್, ಹೊಸ ಎಲ್‌ಇಡಿ ಲೈಟು ಒಂದೊಂದನ್ನೇ ಕಳಚಿ ನೋಡಿ, ಬಹುತೇಕ ಅಲ್ಲಿಯೇ ಸಿಗುತ್ತದೆ. ಗಾಡಿ ನಿಂತಿರುವಾಗ ಎಂಜಿನ್ ಚಾಲು ಇಟ್ಟು ಪೂರ್ತಿ ಶಕ್ತಿಯಲ್ಲಿ ಗುಂಡಿ ಒತ್ತಿ, ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವಾದರೂ ಹತ್ತುತ್ತದೆಯೇ, ಎಂಜಿನ್ನಿನ ಸದ್ದು ಬದಲಾಗುತ್ತದೆಯೇ ನೋಡಿ. ಹಾಗಾದರೆ ಶಕ್ತಿ ಇಳಿಸಿ, ಕೇಬಲನ್ನು ವಾಹನದ ಇತರ ವೈರಿಂಗಿನಿಂದ ದೂರ ಸರಿಸಿ, ಅದು ನಿಲ್ಲುವವರೆಗೆ ರಸ್ತೆಗೆ ಇಳಿಯಬೇಡಿ.

ಮೇ ತಿಂಗಳು ಮುಗಿಯುವ ಮೊದಲು ಒಂದು ಸುತ್ತು ಕೆಲಸ: ಬ್ಯಾಟರಿ ತುದಿಗಳನ್ನು ಬಿಸಿನೀರಿನಲ್ಲಿ ತೊಳೆದು ವ್ಯಾಸಲೀನ್ ಹಚ್ಚಿ, ಫ್ಯೂಸ್ ಹೊರತೆಗೆದು ಕಾಲುಗಳ ಕಿಲುಬು ಉಜ್ಜಿ, ಆ್ಯಂಟೆನಾದ ಬುಡ ಬಿಚ್ಚಿ ಒಳಗೆ ನೀರು ಕೂತಿದೆಯೇ ನೋಡಿ. ಹೊರಗಿನ ಕನೆಕ್ಟರಿಗೆ ಸಾಮಾನ್ಯ ಇನ್ಸುಲೇಷನ್ ಟೇಪ್ ಬೇಡ, ಅದರ ಅಂಟು ಮಳೆಗೆ ಬಿಡುತ್ತದೆ. ಎಳೆದು ಸುತ್ತಿದರೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಓಡು ಹೊದೆಸಿದ ಹಾಗೆ ಒಂದರ ಮೇಲೊಂದು ಬರುವಂತೆ ಸುತ್ತಿ.